ನಿರ್ಬಂಧದೆದುರು ಪತ್ರಿಕಾಧರ್ಮ

ಪತ್ರಿಕಾಧರ್ಮದ ಚರ್ಚೆಯಲ್ಲಿ ಸತ್ಯನಿಷ್ಠೆ, ಲೋಕಸೇವೆ ಎಂಬ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ. ಇವೆರಡೂ ಸದಾ ಒಂದೇ ದಾರಿಯನ್ನು ತೋರುವುವೆಂದು ನಾವು ಭಾವಿಸಲಾರೆವು. ಮೈಸೂರು ಸಂಸ್ಥಾನದ ಎರಡು ನಿದರ್ಶನಗಳು ಇಲ್ಲಿ ಪರಿಶೀಲನಾರ್ಹ.

1908ರಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, ಪತ್ರಿಕೆಗಳನ್ನು ಸರ್ಕಾರದ ಅಂಕೆಗೆ ಒಳಪಡಿಸುವ ಶಾಸನ ಬಂದಿತು. 'ತಾತಯ್ಯ'ನವರೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಸಂಪಾದಕನ ಆತ್ಮಗೌರವವು ಉಳಿಯಿತು. ಆದರೆ ಓದುಗನು ತನ್ನ ಪತ್ರಿಕೆಯನ್ನು ಕಳೆದುಕೊಂಡನು.

ಎರಡನೆಯದು ಅಂದಿನ ಕನಕಪುರ ತಾಲೂಕಿನ ಹಾರೋಹಳ್ಳಿಯಲ್ಲಿ 1918ರಲ್ಲಿ ಜನಿಸಿದ ಎಚ್. ಎಸ್. ದೊರೆಸ್ವಾಮಿಯವರದು. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿಯು ಆರಂಭವಾದಾಗ ಅವರ 'ಪೌರವಾಣಿ'ಗೂ ನಿರ್ಬಂಧ ಒದಗಿತು. ಅವರು ಪತ್ರಿಕೆಯನ್ನು ನಿಲ್ಲಿಸಲಿಲ್ಲ. ಗಡಿಯಾಚೆ, ಅಂದಿನ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಹಿಂದೂಪುರಕ್ಕೆ ಹೋಗಿ ಪ್ರಕಟಿಸಿದರು. ಸಂಸ್ಥಾನದ ಆಜ್ಞೆ ಅಲ್ಲಿ ನಡೆಯುವಂತಿರಲಿಲ್ಲ.

ಲೋಕಸೇವೆಯ ದೃಷ್ಟಿಯಿಂದ ಎರಡನೆಯ ಮಾರ್ಗವೇ ಮೇಲೆಂದು ನಮಗೆ ತೋರುತ್ತದೆ. ಆದರೂ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಸಂಪಾದಕನೇ ಚಳವಳಿಗಾರನಾದಾಗ ಸುದ್ದಿಯ ಸತ್ಯವನ್ನು ಒರೆಗೆ ಹಚ್ಚುವವರಾರು? ಹೋರಾಟದ ಪತ್ರಿಕೆಯು ತನ್ನ ಪಕ್ಷದ ಸೋಲನ್ನೂ ತಪ್ಪನ್ನೂ ಮುಚ್ಚಿಡುವ ಮೋಹಕ್ಕೆ ಸುಲಭವಾಗಿ ಒಳಗಾಗುತ್ತದೆ. ಅಭಿಪ್ರಾಯದಲ್ಲಿ ಪಕ್ಷ ವಹಿಸುವುದು ದೋಷವಲ್ಲ, ವರದಿಯಲ್ಲಿ ವಹಿಸುವುದು ದೋಷ ಎಂಬ ವಿವೇಕವೇ ಇಲ್ಲಿ ಕಾವಲು.

ನಿಷ್ಠೆಯು ಪಕ್ಷಕ್ಕೋ ತತ್ತ್ವಕ್ಕೋ ಎಂಬುದು ತಮ್ಮವರು ಅಧಿಕಾರಕ್ಕೆ ಬಂದ ಮೇಲೆ ತಿಳಿಯುವ ಸಂಗತಿ. 1975ರ ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರಿಗೆ ಪ್ರತಿಭಟನೆಯ ಪತ್ರ ಬರೆದು ದೊರೆಸ್ವಾಮಿಯವರು ಸೆರೆಮನೆ ಸೇರಿದರು. ಸಂಸ್ಥಾನದ ಸರ್ಕಾರಕ್ಕೆ ಹಿಡಿದಿದ್ದ ಅಳತೆಗೋಲನ್ನೇ ಸ್ವತಂತ್ರ ಭಾರತದ ಕಾಂಗ್ರೆಸ್ ಸರ್ಕಾರಕ್ಕೂ ಹಿಡಿದುದು ಅವರ ಹಳೆಯ ಪತ್ರಿಕೋದ್ಯಮಕ್ಕೂ ಸಾಕ್ಷಿ ನುಡಿಯುತ್ತದೆಂದು ನಮ್ಮ ಅಭಿಮತ. 2021ರಲ್ಲಿ, ನೂರಮೂರನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಇಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವರದಿಗಾರನು ಹಿಂದೂಪುರಕ್ಕೆ ಹೋಗಬೇಕಾಗಿಲ್ಲ. ಅವನನ್ನು ಕಾಡುವುದು ಶಾಸನಕ್ಕಿಂತ ಹೆಚ್ಚಾಗಿ ಜಾಹೀರಾತಿನ ಹಂಗು. ರಾಮನಗರದ ರೇಷ್ಮೆಗೂಡಿನ ಧಾರಣೆಯನ್ನು ರೈತನಿಗೆ ತಪ್ಪಿಲ್ಲದೆ ತಿಳಿಸುವುದು, ಕನಕಪುರದ ಕಲ್ಲುಗಣಿಯ ಪಕ್ಕದ ಹೊಲದವನ ಅಹವಾಲನ್ನು ಗಣಿಯ ಒಡೆಯನ ಮುಖ ನೋಡದೆ ಅಚ್ಚು ಹಾಕುವುದು ಸಣ್ಣ ಕೆಲಸಗಳೆಂದು ತೋರಬಹುದು. ಆ ಹಂಗನ್ನು ದಾಟುವುದೂ ಒಂದು ಬಗೆಯಲ್ಲಿ ಗಡಿ ದಾಟುವುದೇ. ಪತ್ರಿಕೋದ್ಯಮದ ವಿದ್ಯಾರ್ಥಿಗಳು 'ಪೌರವಾಣಿ'ಯ ಸಾಹಸವನ್ನು ಸ್ಮರಿಸುವಾಗ ಈ ನಿತ್ಯದ ಕರ್ತವ್ಯವನ್ನು ಮರೆಯಲಾಗದು.