ಇಂಗ್ಲಿಷ್ ಕಲಿಕೆಯ ಬಹುಮಾಧ್ಯಮ ತಂತ್ರಾಂಶಗಳು: ಮೌಲ್ಯಮಾಪನದ ಕೆಲವು ನಿಕಷಗಳು

ಪಠ್ಯಪುಸ್ತಕವನ್ನು ವಿಮರ್ಶಿಸುವ ಪದ್ಧತಿ ನಮ್ಮ ಶೈಕ್ಷಣಿಕ ವಲಯಕ್ಕೆ ಹೊಸದಲ್ಲ. ಪಾಠಗಳ ಆಯ್ಕೆ, ಭಾಷೆಯ ಮಟ್ಟ, ಅಭ್ಯಾಸಗಳ ಸ್ವರೂಪ ಇವೆಲ್ಲವೂ ಚರ್ಚೆಗೆ ಒಳಗಾಗುತ್ತ ಬಂದಿವೆ. ಆದರೆ ಅದೇ ಪಾಠವು ಧ್ವನಿ, ಚಿತ್ರ, ಚಲನದೃಶ್ಯ ಮತ್ತು ಬರಹಗಳ ಸಂಯೋಜನೆಯಾಗಿ ಗಣಕಯಂತ್ರದ ಪರದೆಯ ಮೇಲೆ ಬಂದಾಗ ವಿಮರ್ಶೆಯ ಧಾಟಿಯೇ ಬದಲಾಗುತ್ತದೆ. ಚಿತ್ರಗಳ ಸೊಗಸು, ಧ್ವನಿಮುದ್ರಣದ ಸ್ಪಷ್ಟತೆ, ಪಾಠಗಳ ಸಂಖ್ಯೆ, ಬಳಕೆಯ ಸರಾಗತೆ ಮೊದಲಾದ ಬಾಹ್ಯ ಲಕ್ಷಣಗಳ ಪಟ್ಟಿಯೇ ಮೌಲ್ಯಮಾಪನವೆನಿಸಿಕೊಳ್ಳುತ್ತದೆ. ದ್ವಿತೀಯ ಭಾಷೆಯಾಗಿ ಇಂಗ್ಲಿಷನ್ನು ಕಲಿಸುವ ತಂತ್ರಾಂಶದ ಮಟ್ಟಿಗೆ ಈ ಕ್ರಮ ಸಾಲದು. ಕಲಿಯುವವನು ಅದರ ಮುಂದೆ ಕುಳಿತು ಅರ್ಥದೊಡನೆ ಏನು ವ್ಯವಹರಿಸುತ್ತಾನೆ ಮತ್ತು ಅವನು ತಪ್ಪಿದಾಗ ತಂತ್ರಾಂಶ ಹೇಗೆ ವರ್ತಿಸುತ್ತದೆ ಎಂಬ ಎರಡು ಪ್ರಶ್ನೆಗಳಿಂದಲೇ ಮೌಲ್ಯಮಾಪನ ಆರಂಭವಾಗಬೇಕು. ಕನ್ನಡ ಮಾತೃಭಾಷೆಯ ಕಲಿಕಾರ್ಥಿಯನ್ನು ಮುಂದಿಟ್ಟುಕೊಂಡು ಈ ನಿಲುವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐತಿಹಾಸಿಕ ಹಿನ್ನೆಲೆ

ಗಣಕಯಂತ್ರದ ನೆರವಿನ ಬೋಧನೆಯ ಇತಿಹಾಸದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಆರಂಭವಾದ ಪ್ಲೇಟೋ ಯೋಜನೆಗೆ ಮಹತ್ವದ ಸ್ಥಾನವಿದೆ. ಆ ಕಾಲದ ಭಾಷಾಪಾಠಗಳ ಹಿಂದೆ ಇದ್ದುದು ವರ್ತನವಾದಿ ಮನೋವಿಜ್ಞಾನ. ಯಂತ್ರ ಪ್ರಶ್ನೆ ಕೇಳುತ್ತದೆ, ವಿದ್ಯಾರ್ಥಿ ಉತ್ತರಿಸುತ್ತಾನೆ, ಯಂತ್ರ ಸರಿ ಅಥವಾ ತಪ್ಪು ಎನ್ನುತ್ತದೆ. ಬೇಸರವಿಲ್ಲದೆ ಸಾವಿರ ಸಲ ಅಭ್ಯಾಸ ಮಾಡಿಸಬಲ್ಲುದೆಂಬುದೇ ಯಂತ್ರದ ಹೆಗ್ಗಳಿಕೆಯಾಗಿತ್ತು. 1980ರ ದಶಕದಲ್ಲಿ ಈ ದೃಷ್ಟಿ ಪ್ರಶ್ನೆಗೆ ಒಳಗಾಯಿತು. ಜಾನ್ ಅಂಡರ್‌ವುಡ್ 1984ರಲ್ಲಿ, ಭಾಷೆಯ ರೂಪಗಳ ಅಭ್ಯಾಸಕ್ಕಿಂತ ಅವುಗಳ ಬಳಕೆಗೆ ಒತ್ತು ನೀಡುವ, ವಿದ್ಯಾರ್ಥಿಯ ಪ್ರತಿಯೊಂದು ಮಾತಿಗೂ ತೀರ್ಪು ಕೊಡದ ತಂತ್ರಾಂಶ ಬೇಕೆಂದು ವಾದಿಸಿದರು. ಜಾನ್ ಹಿಗ್ಗಿನ್ಸ್ ಗಣಕಯಂತ್ರಕ್ಕೆ ಎರಡು ಪಾತ್ರಗಳನ್ನು ಕಲ್ಪಿಸಿದರು. ಒಂದು, ಬೆತ್ತ ಹಿಡಿದು ಪಾಠದ ದಿಕ್ಕನ್ನು ತಾನೇ ನಿರ್ಧರಿಸುವ ಒಡೆಯನಂಥ ಗುರು. ಇನ್ನೊಂದು, ವಿದ್ಯಾರ್ಥಿಯ ಹಿಂದೆ ನಡೆದು ಕರೆದಾಗ ಮಾತ್ರ ಬಂದು ಕೇಳಿದ್ದಕ್ಕೆ ಉತ್ತರಿಸುವ ಪ್ರಾಚೀನ ಗ್ರೀಸಿನ ಸೇವಕ. ಅವರ ಸ್ಟೋರಿಬೋರ್ಡ್ ಎಂಬ ತಂತ್ರಾಂಶದಲ್ಲಿ ಒಂದು ಪಠ್ಯದ ಪದಗಳೆಲ್ಲವೂ ಮರೆಯಾಗಿರುತ್ತವೆ. ವಿದ್ಯಾರ್ಥಿಗಳು ಒಂದೊಂದು ಪದವನ್ನೂ ಊಹಿಸಿ ಪಠ್ಯವನ್ನು ಮರಳಿ ಕಟ್ಟಬೇಕು. ಅದರಲ್ಲಿ ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ. ಆದರೂ ಮುಂದಿನ ಪದ ಯಾವುದಿರಬಹುದೆಂದು ಯೋಚಿಸುವ, ಪಕ್ಕದವರೊಡನೆ ವಾದಿಸುವ ಅನಿವಾರ್ಯತೆಯನ್ನು ಅದು ಸೃಷ್ಟಿಸುತ್ತದೆ.

1990ರ ದಶಕದಲ್ಲಿ ಸಿ.ಡಿ.ರಾಮ್ ಬಂದ ಮೇಲೆ ಧ್ವನಿ ಮತ್ತು ದೃಶ್ಯಗಳು ಸುಲಭಸಾಧ್ಯವಾದವು. ಆದರೆ ಮಾಧ್ಯಮ ಶ್ರೀಮಂತವಾದ ಮಾತ್ರಕ್ಕೆ ಬೋಧನಕ್ರಮ ಶ್ರೀಮಂತವಾಗಲಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ, ಬಿಟ್ಟ ಸ್ಥಳ ತುಂಬುವ ಹಳೆಯ ಅಭ್ಯಾಸಗಳೇ ಬಣ್ಣ ಬಳಿದುಕೊಂಡು ಮರಳಿದವು. ಈ ಕ್ಷೇತ್ರದ ಬೆಳವಣಿಗೆಯನ್ನು ಮಾರ್ಕ್ ವಾರ್‌ಶವರ್ ಮತ್ತು ಡೆಬೊರಾ ಹೀಲಿ 1998ರಲ್ಲಿ ವರ್ತನವಾದಿ, ಸಂವಹನಾತ್ಮಕ ಮತ್ತು ಸಮನ್ವಯಾತ್ಮಕ ಎಂಬ ಮೂರು ಘಟ್ಟಗಳಾಗಿ ವಿಂಗಡಿಸಿದರು. ಆದರೆ ಒಂದೇ ತಂತ್ರಾಂಶದೊಳಗೆ ಈ ಮೂರೂ ಘಟ್ಟಗಳು ಒಂದರ ಮೇಲೊಂದು ಪದರವಾಗಿ ಉಳಿದಿರಲು ಸಾಧ್ಯವೆಂಬುದನ್ನು ವಿಮರ್ಶಕ ಮರೆಯಬಾರದು.

ಮಾನದಂಡಗಳ ವಿಕಾಸ

ಮೌಲ್ಯಮಾಪನದ ವಿಧಾನಗಳೂ ಇದೇ ರೀತಿ ಹಂತಹಂತವಾಗಿ ಬೆಳೆದಿವೆ. ಫಿಲಿಪ್ ಹಬರ್ಡ್ 1988ರಲ್ಲಿ ಮಂಡಿಸಿದ ಚೌಕಟ್ಟು ತಂತ್ರಾಂಶದ ಕಾರ್ಯವಿಧಾನದ ವಿವರಣೆ, ಶಿಕ್ಷಕನ ಬೋಧನದೃಷ್ಟಿಯೊಡನೆ ಅದರ ಹೊಂದಿಕೆ, ಕಲಿಯುವವನೊಡನೆ ಅದರ ಹೊಂದಿಕೆ ಎಂಬ ಮೂರು ಅಂಗಗಳನ್ನು ಗುರುತಿಸಿತು. ತಂತ್ರಾಂಶವು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಯಾರಿಗೆ ಮತ್ತು ಯಾವ ಬೋಧನಕ್ರಮಕ್ಕೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ ಎಂಬ ತಿಳಿವು ಇದರಿಂದ ಸ್ಥಿರಪಟ್ಟಿತು. ಕ್ಯಾರಲ್ ಶಪೆಲ್ 2001ರ ತಮ್ಮ ಗ್ರಂಥದಲ್ಲಿ ದ್ವಿತೀಯ ಭಾಷಾಗ್ರಹಣದ ಸಂಶೋಧನೆಯನ್ನು ಆಧರಿಸಿ ಆರು ನಿಕಷಗಳನ್ನು ಸೂಚಿಸಿದರು: ಭಾಷೆಯನ್ನು ಕಲಿಸುವ ಸಾಮರ್ಥ್ಯ, ಕಲಿಯುವವರಿಗೆ ಹೊಂದಿಕೆ, ಅರ್ಥಕ್ಕೆ ಆದ್ಯತೆ, ನೈಜ ಭಾಷಾಬಳಕೆಯೊಡನೆ ಸಂಬಂಧ, ಸತ್ಪರಿಣಾಮ ಮತ್ತು ಕಾರ್ಯಸಾಧ್ಯತೆ. ಇದಕ್ಕಿಂತಲೂ ಮುಖ್ಯವಾದುದು ಅವರು ಗುರುತಿಸಿದ ಮೂರು ಸ್ತರಗಳು. ತಂತ್ರಾಂಶವನ್ನು ಪರಿಶೀಲಿಸುವುದು ಒಂದು, ಶಿಕ್ಷಕನು ಅದರಿಂದ ಯೋಜಿಸುವ ಚಟುವಟಿಕೆಯನ್ನು ಪರಿಶೀಲಿಸುವುದು ಎರಡು, ವಿದ್ಯಾರ್ಥಿ ನಿಜವಾಗಿ ಮಾಡಿದ್ದನ್ನು ಪರಿಶೀಲಿಸುವುದು ಮೂರು. ಮೊದಲ ಸ್ತರದಲ್ಲಿ ವಿವೇಚನೆಯ ತೀರ್ಪು ಸಾಕು. ಮೂರನೆಯದಕ್ಕೆ ತರಗತಿಯ ಪ್ರತ್ಯಕ್ಷ ಪುರಾವೆ ಬೇಕು. ಸಾಮಾನ್ಯವಾಗಿ ಕಾಣುವ ವಿಮರ್ಶೆ ಮೊದಲ ಸ್ತರದಲ್ಲಿಯೇ ನಿಂತುಬಿಡುತ್ತದೆ.

ಮಾಧ್ಯಮಗಳ ಸಂಯೋಜನೆಯನ್ನು ಕುರಿತು ರಿಚರ್ಡ್ ಮೇಯರ್ 2001ರಲ್ಲಿ ಪ್ರತಿಪಾದಿಸಿದ ತತ್ತ್ವಗಳೂ ಇಲ್ಲಿ ಪ್ರಸ್ತುತ. ಚಿತ್ರ ಮತ್ತು ಧ್ವನಿ ಇರುವಾಗ ಅದೇ ಮಾತನ್ನು ಪರದೆಯ ಮೇಲೆ ಬರೆದು ತೋರಿಸುವುದು ಕಲಿಕೆಗೆ ಹೊರೆಯಾಗುತ್ತದೆ, ಪಾಠಕ್ಕೆ ಸಂಬಂಧಿಸದ ಅಲಂಕಾರ ಗ್ರಹಿಕೆಯನ್ನು ಕುಗ್ಗಿಸುತ್ತದೆ ಎಂಬುದು ಅವರ ನಿರ್ಣಯ. ಎರಡನೆಯ ಮಾತು ಭಾಷಾಕಲಿಕೆಗೂ ಸಲ್ಲುತ್ತದೆ. ಮೊದಲನೆಯದನ್ನು ಹಾಗೆಯೇ ಒಪ್ಪಲಾಗದು. ವಿಜ್ಞಾನದ ಪಾಠದಲ್ಲಿ ಭಾಷೆ ವಾಹಕ, ಭಾಷೆಯ ಪಾಠದಲ್ಲಿ ಭಾಷೆಯೇ ವಸ್ತು. ಕೇಳಿದ ಮಾತಿನಲ್ಲಿ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆಂಬುದನ್ನು ಗುರುತಿಸಲು ಹೊಸ ಕಲಿಕಾರ್ಥಿಗೆ ಪರದೆಯ ಮೇಲಿನ ಬರಹ ಆಸರೆಯಾಗುತ್ತದೆ. ಇಂಗ್ಲಿಷ್ ಅಡಿಬರಹವಿರುವ ದೃಶ್ಯಗಳು ಆಲಿಕೆಗೂ ಪದಸಂಪತ್ತಿಗೂ ನೆರವಾಗುತ್ತವೆಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಅಡಿಬರಹ ಇದೆಯೇ ಎಂಬುದಕ್ಕಿಂತ, ಅದನ್ನು ಬೇಕಾದಾಗ ತೆರೆಯುವ, ಬೇಡವಾದಾಗ ಮರೆಮಾಡುವ ಅಧಿಕಾರ ಕಲಿಯುವವನಿಗೆ ಇದೆಯೇ ಎಂದು ಕೇಳುವುದು ಉಚಿತ.

ಒಂದೇ ಅಚ್ಚು, ಹಲವು ಭಾಷೆಗಳು

1990ರ ದಶಕದಿಂದ ವ್ಯಾಪಕವಾಗಿ ಪ್ರಚಾರಕ್ಕೆ ಬಂದ ರೊಸೆಟ್ಟಾ ಸ್ಟೋನ್ ಈ ಚರ್ಚೆಗೆ ಒಳ್ಳೆಯ ನಿದರ್ಶನ. ಚಿತ್ರಗಳನ್ನು ತೋರಿಸಿ, ಕೇಳಿದ ಮಾತಿಗೆ ಹೊಂದುವ ಚಿತ್ರವನ್ನು ಆರಿಸುವಂತೆ ಕೇಳುವುದು ಅದರ ಮೂಲಕ್ರಮ. ಅನುವಾದವಿಲ್ಲ, ವ್ಯಾಕರಣದ ವಿವರಣೆಯಿಲ್ಲ. ಮಗು ಮಾತೃಭಾಷೆಯನ್ನು ಕಲಿಯುವ ರೀತಿಯಲ್ಲಿಯೇ ಹೊಸ ಭಾಷೆಯನ್ನು ಕಲಿಯಬಹುದೆಂಬುದು ಅದರ ಆಶಯ. ಉಚ್ಚಾರಣೆಯ ಸ್ಪಷ್ಟತೆ, ಪದಗಳ ಪುನರಾವರ್ತನೆ, ಬಳಕೆಯ ಸರಳತೆಗಳಲ್ಲಿ ಅದರ ಗುಣವನ್ನು ಅಲ್ಲಗಳೆಯಲಾಗದು. ಆದರೆ ಬೇರೆ ಬೇರೆ ಭಾಷೆಗಳ ಪಾಠಗಳಿಗೆ ಬಹುಮಟ್ಟಿಗೆ ಒಂದೇ ಚಿತ್ರಸರಣಿಯನ್ನೂ ಒಂದೇ ಪಾಠಕ್ರಮವನ್ನೂ ಬಳಸಿದ್ದು ವಿದ್ವಾಂಸರ ಆಕ್ಷೇಪಕ್ಕೆ ಗುರಿಯಾಯಿತು. ಭಾಷೆಗಳು ಭಿನ್ನವಾಗಿರುವಂತೆ ಕಲಿಯುವವರ ಮಾತೃಭಾಷೆಗಳೂ ಭಿನ್ನ ಎಂಬ ಸಂಗತಿಗೆ ಆ ಅಚ್ಚಿನಲ್ಲಿ ಎಡೆಯಿಲ್ಲ.

ಕನ್ನಡಿಗನ ಕಲಿಕೆಯಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷಿನ 'ಎ' ಮತ್ತು 'ದಿ' ಎಂಬ ಗುಣವಾಚಿಗಳಿಗೆ ಸಮನಾದ ಪ್ರತ್ಯೇಕ ವರ್ಗ ಕನ್ನಡದಲ್ಲಿಲ್ಲ. ಹಾಗೆಂದು ನಿರ್ದಿಷ್ಟ ಮತ್ತು ಅನಿರ್ದಿಷ್ಟಗಳ ಭೇದ ಕನ್ನಡಿಗನಿಗೆ ತಿಳಿಯದೆಂದಲ್ಲ. 'ಪುಸ್ತಕ ಓದಿದ' ಎನ್ನುವುದಕ್ಕೂ 'ಪುಸ್ತಕವನ್ನು ಓದಿದ' ಎನ್ನುವುದಕ್ಕೂ ಇರುವ ವ್ಯತ್ಯಾಸದಲ್ಲಿ ದ್ವಿತೀಯಾ ವಿಭಕ್ತಿಯೇ ಆ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ. ಚಿತ್ರವು ಪುಸ್ತಕವನ್ನು ತೋರಿಸಬಲ್ಲುದು. ಆ ಪುಸ್ತಕ ಕೇಳುಗನಿಗೆ ಮೊದಲೇ ಗೊತ್ತೇ ಇಲ್ಲವೇ ಎಂಬುದನ್ನು ಬಿಡಿಚಿತ್ರ ತೋರಿಸಲಾರದು. ಕನ್ನಡದ ಈ ಜೋಡಿಯನ್ನು ಬಳಸಿಕೊಂಡರೆ ಎರಡು ವಾಕ್ಯಗಳಲ್ಲಿ ತಿಳಿಯುವ ವಿಷಯವನ್ನು, ಮಾತೃಭಾಷೆಯನ್ನು ಹೊರಗಿಟ್ಟ ತಂತ್ರಾಂಶ ನೂರು ಚಿತ್ರಗಳಲ್ಲಿಯೂ ಊಹೆಗೆ ಬಿಡುತ್ತದೆ. 'ನನಗೆ ಹಸಿವಾಗಿದೆ' ಎಂದು ಚತುರ್ಥಿಯಲ್ಲಿ ಹೇಳುವವನು 'ಐ ಆಮ್ ಹಂಗ್ರಿ' ಎಂದು ಪ್ರಥಮೆಗೆ ಬರಬೇಕಾದ ಸಂದರ್ಭವೂ ಇಂಥದೇ.

ಉಚ್ಚಾರಣೆಯಲ್ಲಿಯೂ ಇದೇ ಕಥೆ. ಪದಾಂತ್ಯದಲ್ಲಿ ಸ್ವರವನ್ನು ನಿರೀಕ್ಷಿಸುವ ಕನ್ನಡದ ಜಾಯಮಾನ 'ಬಸ್' ಎಂಬುದನ್ನು 'ಬಸ್ಸು' ಆಗಿಸಿದೆ. ಇಂಗ್ಲಿಷಿನ ಎರಡು ಭಿನ್ನ ಧ್ವನಿಗಳು ಕನ್ನಡದ ಒಂದೇ ವಕಾರದಲ್ಲಿ ಬೆರೆಯುತ್ತವೆ. ಹಲವು ತಂತ್ರಾಂಶಗಳು ವಿದ್ಯಾರ್ಥಿಯ ಧ್ವನಿಯನ್ನು ಮುದ್ರಿಸಿ, ಮಾದರಿ ಧ್ವನಿಯ ತರಂಗರೇಖೆಯ ಕೆಳಗೆ ಅದರ ರೇಖೆಯನ್ನು ತೋರಿಸುತ್ತಿದ್ದವು. ನೋಡಲು ವೈಜ್ಞಾನಿಕವೆನಿಸುವ ಈ ಚಿತ್ರ ತಪ್ಪು ಎಲ್ಲಿ, ನಾಲಗೆ ಅಥವಾ ತುಟಿಯನ್ನು ಹೇಗೆ ತಿದ್ದಿಕೊಳ್ಳಬೇಕು ಎಂಬುದನ್ನು ಹೇಳುವುದಿಲ್ಲ. ಸರಿಯಾಗಿ ಉಚ್ಚರಿಸಿದ ಇಬ್ಬರ ತರಂಗರೇಖೆಗಳೂ ಒಂದೇ ಆಗಿರುವುದಿಲ್ಲ. ತಪ್ಪನ್ನು ಎಣಿಸುವ ತಂತ್ರಾಂಶಕ್ಕೂ ತಪ್ಪಿನ ಕಾರಣವನ್ನು ಬಲ್ಲ ತಂತ್ರಾಂಶಕ್ಕೂ ಇರುವ ಅಂತರವನ್ನು ಗುರುತಿಸುವುದು ವಿಮರ್ಶಕನ ಮೊದಲ ಹೊಣೆ.

ಬೆಂಗಳೂರು ಯೋಜನೆಯ ಪಾಠ

ಅರ್ಥಕ್ಕೆ ಆದ್ಯತೆ ಎಂಬ ನಿಕಷಕ್ಕೆ ಕರ್ನಾಟಕದ ನೆಲದಲ್ಲಿಯೇ ಒಂದು ಪ್ರಬಲ ಆಧಾರವಿದೆ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ನೆಲೆಯಾಗಿಸಿಕೊಂಡು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ 'ಬೆಂಗಳೂರು ಯೋಜನೆ' ಎಂದೇ ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ವ್ಯಾಕರಣದ ರಚನೆಗಳನ್ನು ಕ್ರಮವಾಗಿ ಅಭ್ಯಾಸ ಮಾಡಿಸುವ ಬದಲು, ರೈಲ್ವೆ ವೇಳಾಪಟ್ಟಿಯನ್ನು ನೋಡಿ ಪ್ರಯಾಣವನ್ನು ನಿರ್ಧರಿಸುವಂಥ ಕಾರ್ಯಗಳನ್ನು ವಿದ್ಯಾರ್ಥಿಗಳಿಗೆ ಕೊಡಲಾಯಿತು. ಮಾಹಿತಿಯ ಅಂತರ, ತರ್ಕದ ಅಂತರ, ಅಭಿಪ್ರಾಯದ ಅಂತರ ಎಂದು ಪ್ರಭು ಚಟುವಟಿಕೆಗಳನ್ನು ಮೂರಾಗಿ ವಿಂಗಡಿಸಿದರು. ಅವುಗಳಲ್ಲಿ ತರ್ಕದ ಅಂತರವೇ ತರಗತಿಗೆ ಹೆಚ್ಚು ಫಲಕಾರಿ ಎಂಬುದು ಅವರ ಅನುಭವದ ನಿಲುವು. ಆ ತರಗತಿಗಳ ಮುಖ್ಯ ಸಾಧನ ಕಪ್ಪುಹಲಗೆ ಮತ್ತು ಸುಣ್ಣದಕಡ್ಡಿ. ಬಹುಮಾಧ್ಯಮದ ಯಾವುದೇ ಪಾಠವನ್ನು ಈ ಅಳತೆಗೆ ಒಡ್ಡಿ, ಅಲ್ಲಿ ವಿದ್ಯಾರ್ಥಿ ತರ್ಕಿಸಿ ತುಂಬಬೇಕಾದ ಅಂತರವೊಂದಿದೆಯೇ ಎಂದು ಕೇಳಿದರೆ, ಎಷ್ಟೋ ವರ್ಣಮಯ ಪಾಠಗಳು ನಿರುತ್ತರವಾಗುತ್ತವೆ.

ಈ ಯೋಜನೆಯ ಮೌಲ್ಯಮಾಪನವೂ ಅಷ್ಟೇ ಬೋಧಪ್ರದ. ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡೂ ಬೋಧನಕ್ರಮಗಳಿಗೆ ಅನುಗುಣವಾದ ಪರೀಕ್ಷೆಗಳ ಜೊತೆಗೆ ಯಾವ ಕ್ರಮಕ್ಕೂ ಒಲಿಯದ ತಟಸ್ಥ ಪರೀಕ್ಷೆಗಳನ್ನೂ ಬಳಸಲಾಗಿತ್ತು. ಒಟ್ಟಾರೆ ಪ್ರತಿಯೊಂದು ಗುಂಪೂ ತನ್ನ ಕ್ರಮದ ಪರೀಕ್ಷೆಯಲ್ಲಿ ಮುಂದಿತ್ತು. ಪ್ರಯೋಗದ ಪರವಾದ ಮಾತಿಗೆ ಹೆಚ್ಚು ಬಲ ಬಂದದ್ದು ತಟಸ್ಥ ಪರೀಕ್ಷೆಗಳಿಂದ. ತಂತ್ರಾಂಶಗಳ ಮಟ್ಟಿಗೆ ಇದರ ಸೂಚನೆ ಸ್ಪಷ್ಟವಾಗಿದೆ. ತಂತ್ರಾಂಶದೊಳಗಿನ ಪರೀಕ್ಷೆಯಲ್ಲಿ ಬಂದ ನೂರಕ್ಕೆ ತೊಂಬತ್ತು ಅಂಕ ಆ ತಂತ್ರಾಂಶವನ್ನು ಬಳಸುವ ಚಾತುರ್ಯವನ್ನು ಸಾರುತ್ತದೆಯೇ ಹೊರತು ಇಂಗ್ಲಿಷಿನ ಸಾಮರ್ಥ್ಯವನ್ನು ಸಾರಬೇಕಾಗಿಲ್ಲ.

ಮೂರನೆಯ ಸ್ತರದ ಪುರಾವೆಗೆ ಮಹಾರಾಷ್ಟ್ರದ ಒಂದು ಅಧ್ಯಯನವನ್ನು ನೋಡಬಹುದು. ಪ್ರಥಮ್ ಸಂಸ್ಥೆಯ ಪ್ರಾಥಮಿಕ ಶಾಲಾ ಇಂಗ್ಲಿಷ್ ಕಾರ್ಯಕ್ರಮದಲ್ಲಿ, ಚಿತ್ರವನ್ನು ಮುಟ್ಟಿದರೆ ಪದವನ್ನು ಉಚ್ಚರಿಸುವ ಪಿಕ್‌ಟಾಕ್ ಎಂಬ ಯಂತ್ರವನ್ನೂ ಶಿಕ್ಷಕರು ನಡೆಸುವ ಚಟುವಟಿಕೆಗಳನ್ನೂ ಬಳಸಲಾಗಿತ್ತು. ಫಾಂಗ್ ಹಿ, ಲೀ ಲಿಂಡೆನ್ ಮತ್ತು ಮಾರ್ಗರೆಟ್ ಮೆಕ್‌ಲಿಯೋಡ್ 2008ರಲ್ಲಿ ಮಂಡಿಸಿದ ಫಲಿತಾಂಶದಂತೆ ಎಲ್ಲ ಕ್ರಮಗಳಲ್ಲಿಯೂ ಮಕ್ಕಳ ಇಂಗ್ಲಿಷ್ ಅಂಕಗಳು 0.26ರಿಂದ 0.35 ಮಾನಕ ವಿಚಲನೆಯಷ್ಟು ಏರಿದವು. ಆದರೆ ಹಿಂದುಳಿದ ಮಕ್ಕಳಿಗೆ ಶಿಕ್ಷಕರ ಪಾತ್ರವಿದ್ದ ಕ್ರಮಗಳಿಂದ ಹೆಚ್ಚು ಪ್ರಯೋಜನವಾಯಿತು. ಯಂತ್ರವೊಂದನ್ನೇ ನೆಚ್ಚಿದ ಕ್ರಮದಿಂದ ಹೆಚ್ಚು ಲಾಭ ಪಡೆದವರು ಮೊದಲೇ ಮುಂದಿದ್ದ ಮಕ್ಕಳು. ಸರಾಸರಿ ಅಂಕವನ್ನಷ್ಟೇ ನೋಡುವ ಮೌಲ್ಯಮಾಪನಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಬಾಳಿಕೆ ಮತ್ತು ಹೊಸ ಯಂತ್ರಗಳು

ಕಾರ್ಯಸಾಧ್ಯತೆ ಎಂಬ ನಿಕಷವನ್ನು ವಿದ್ಯುತ್ತು, ಯಂತ್ರಗಳ ಸಂಖ್ಯೆ ಮತ್ತು ಬೆಲೆಗಳಿಗೆ ಸೀಮಿತಗೊಳಿಸುವುದು ವಾಡಿಕೆ. ಅದಕ್ಕೆ ಬಾಳಿಕೆಯನ್ನೂ ಸೇರಿಸಬೇಕು. ಭಾಷಾಭ್ಯಾಸದ ಅಸಂಖ್ಯ ಚಟುವಟಿಕೆಗಳಿಗೆ ಆಧಾರವಾಗಿದ್ದ ಫ್ಲ್ಯಾಷ್ ತಂತ್ರಜ್ಞಾನಕ್ಕೆ ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ರಂದು ಬೆಂಬಲವನ್ನು ನಿಲ್ಲಿಸಿತು. ಹೊಸ ಗಣಕಯಂತ್ರಗಳಲ್ಲಿ ಸಿ.ಡಿ. ಓದುವ ಸಾಧನವೂ ವಿರಳವಾಗಿದೆ. ಹಳೆಯ ಪಠ್ಯಪುಸ್ತಕವನ್ನು ಗ್ರಂಥಾಲಯದಲ್ಲಿ ಇಂದಿಗೂ ತೆರೆದು ಓದಬಹುದು. ಅದೇ ಕಾಲದ ತಂತ್ರಾಂಶವನ್ನು ತೆರೆಯುವುದೇ ಕಷ್ಟ. ಹೀಗಾಗಿ ತಂತ್ರಾಂಶವನ್ನು ಕುರಿತ ವಿವರವಾದ ವಿಮರ್ಶೆಯೇ ಎಷ್ಟೋ ವೇಳೆ ಅದರ ಬಗ್ಗೆ ಉಳಿಯುವ ದಾಖಲೆಯೂ ಆಗುತ್ತದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ, ಮುಂಚಿತವಾಗಿ ಸಿದ್ಧಪಡಿಸದ ಮಾತಿಗೂ ಯಂತ್ರ ಉತ್ತರಿಸಬಲ್ಲುದೆಂಬುದು ಸಾಮಾನ್ಯ ಅನುಭವವಾಗಿದೆ. ಅಂಡರ್‌ವುಡ್ ಬಯಸಿದ ಮುಕ್ತ ಸಂವಾದಕ್ಕೆ ಇದು ಹತ್ತಿರದ ಸ್ಥಿತಿ. ಆದರೂ ಹಳೆಯ ಎರಡು ಪ್ರಶ್ನೆಗಳು ಬಿದ್ದುಹೋಗಿಲ್ಲ. ತಪ್ಪು ವಾಕ್ಯದ ಆಶಯವನ್ನು ಊಹಿಸಿ ನಯವಾಗಿ ಮುಂದುವರಿಯುವ ಯಂತ್ರದಿಂದ ಕಲಿಯುವವನಿಗೆ ತನ್ನ ತಪ್ಪಿನ ಅರಿವೇ ಆಗದಿರಬಹುದು. ವಿದ್ಯಾರ್ಥಿ ಯೋಚಿಸಬೇಕಾದುದನ್ನು ಯಂತ್ರವೇ ಬರೆದುಕೊಟ್ಟರೆ ತರ್ಕದ ಅಂತರ ಮುಚ್ಚಿಹೋಗುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಇಂಗ್ಲಿಷನ್ನು ಕೇಳದ ಮಗುವಿಗೆ ಶಿಕ್ಷಕರ ದನಿಯ ಜೊತೆ ಯಂತ್ರದ ದನಿಯೂ ಆಸರೆಯಾಗಬಲ್ಲುದು. ಆ ಆಸರೆ ಹುಸಿಯಾದರೆ ಸೌಕರ್ಯವುಳ್ಳ ಮಗು ಬೇರೆ ದಾರಿ ಹುಡುಕಿಕೊಳ್ಳುತ್ತದೆ, ಇಲ್ಲದ ಮಗುವಿನ ವರ್ಷಗಳು ವ್ಯರ್ಥವಾಗುತ್ತವೆ. ಆದುದರಿಂದ ಶಾಲೆಗಳಿಗೆ ತಂತ್ರಾಂಶವನ್ನು ಆರಿಸುವ ಸಮಿತಿಗಳು ಲಕ್ಷಣಗಳ ಪಟ್ಟಿಯನ್ನು ಬದಿಗಿರಿಸಿ, ಕನ್ನಡ ಬಲ್ಲ ಮಗು ಮಾಡುವ ಸಹಜ ತಪ್ಪುಗಳನ್ನು ಬೇಕೆಂದೇ ಮಾಡಿ ತಂತ್ರಾಂಶದ ಪ್ರತಿಕ್ರಿಯೆಯನ್ನು ದಾಖಲಿಸುವುದು, ತಂತ್ರಾಂಶದ ಹೊರಗಿನ ತಟಸ್ಥ ಪರೀಕ್ಷೆಯಿಂದ ಫಲವನ್ನು ಅಳೆಯುವುದು, ತರಗತಿಯ ಕೊನೆಯ ಸಾಲಿನ ಮಗುವಿನ ಪ್ರಗತಿಯನ್ನು ಪ್ರತ್ಯೇಕವಾಗಿ ಗಮನಿಸುವುದು ಅಗತ್ಯ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಶಿಕ್ಷಕರಿಗೆ ಮೌಲ್ಯಮಾಪಕರ ಸ್ಥಾನವನ್ನು ಕೊಟ್ಟರೆ ಸಾಕು.