ಲೈನ್ ಮನೆಗೂ ಒಂದು ಸಂಸಾರ ಉಂಟು

ಕೊಡಗಿನ ಸಂಸಾರದ ಕತೆ ಅಂದಕೂಡಲೆ ನಮ್ಮ ವಿಮರ್ಶಕರು ಕೊಡಗಿನ ಗೌರಮ್ಮನವರ ಹೆಸರು ಹೇಳುತ್ತಾರೆ. ಹೇಳಲೇಬೇಕು. 1912ರಲ್ಲಿ ಹುಟ್ಟಿ 1939ರಲ್ಲಿ, ಬರೀ 27ನೇ ವಯಸ್ಸಿಗೆ ನೀರುಪಾಲಾದ ಈ ಹೆಣ್ಣುಮಗಳು ‘ವಾಣಿಯ ಸಮಸ್ಯೆ’ಯಲ್ಲಿ ಮಾಡಿದ್ದನ್ನು ಆಮೇಲೆ ಬಂದ ಘಟಾನುಘಟಿಗಳು ಎಷ್ಟು ಜನ ಮಾಡಿದ್ದಾರೆ? ವಾಣಿ, ಅವಳ ಗಂಡ, ನೆರೆಮನೆಯ ವಿಧವೆ ಇಂದು. ಮೂವರಲ್ಲಿ ಕೇಡಿ ಅಂತ ಒಬ್ಬರೂ ಇಲ್ಲ. ಆದರೂ ಮನೆ ಬಿರುಕು ಬಿಡುತ್ತದೆ. ಅತ್ತೆ ರಾಕ್ಷಸಿ, ಸೊಸೆ ದೇವತೆ ಅಂತ ಪುಟ ತುಂಬಿಸುವವರು ಇದನ್ನೊಮ್ಮೆ ಕೂತು ಓದಲಿ.

ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿಯ ಸಂಕಟವೂ ಸುಳ್ಳಲ್ಲ. ಯುದ್ಧದಲ್ಲಿ ಗಾಯಗೊಂಡ ಗಂಡ, ಹಸಿದ ಮೈ, ಎಳೆಯ ಪ್ರಾಯದ ಹುಡುಗ. 1973ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ ಮೇಲಂತೂ ಮಾಧವಿ ಮನೆಮಾತಾದಳು. ಆದರೆ ಆ ಸಂಕಟದ ನಡುವೆ ಈ ಸೂರು ಯಾರದು, ನಾಳೆ ಕೂಲಿ ಸಿಕ್ಕೀತೇ ಅನ್ನುವ ಪ್ರಶ್ನೆ ಏಳುವುದೇ ಇಲ್ಲ.

ಕಾಫಿತೋಟದ ಲೈನ್ ಮನೆಯಲ್ಲಿ ಈ ಪ್ರಶ್ನೆಯಿಲ್ಲದೆ ಜಗಳವೇ ಇಲ್ಲ. ಮನೆ ಸಾಹುಕಾರನದು. ಕೆಲಸ ಬಿಟ್ಟರೆ ಮನೆ ಬಿಡಬೇಕು. ಗಂಡ ಮುಂಗಡ ಎತ್ತಿರುತ್ತಾನೆ, ಹೆಂಡತಿಯೂ ದುಡಿದು ತೀರಿಸಬೇಕು. ಹೊಡೆಯುವ ಗಂಡನನ್ನು ಬಿಟ್ಟು ಹೋಗ್ತೀನಿ ಅಂದರೆ ತಡೆಯುವವನು ಗಂಡನಲ್ಲ, ಲೆಕ್ಕದ ಪುಸ್ತಕ ಹಿಡಿದ ರೈಟರು! ಜೀತ ರದ್ದಾದದ್ದು 1976ರ ಕಾಯಿದೆಯಲ್ಲಿ; ಸಾಲಕ್ಕೆ ಕಾಯಿದೆಯ ಹೆದರಿಕೆ ಎಲ್ಲಿಯದು? ಗೋಡೆಯಾಚೆ ನಾದಿನಿ ಕೆಮ್ಮಿದರೂ ಕೇಳುತ್ತದೆ. ಅಲ್ಲಿ ಗುಟ್ಟು ಹೇಗಿರುತ್ತದೆ, ಮುನಿಸು ಎಲ್ಲಿ ಮಲಗುತ್ತದೆ? ಸಂಬಂಧಗಳ ಸಂಕೀರ್ಣತೆ ಅಂತ ಭಾಷಣ ಬಿಗಿಯುವ ಕತೆಗಾರರೇ, ಇದು ಸಂಕೀರ್ಣ ಅಲ್ಲವೇನ್ರಪ್ಪ?

ನಮ್ಮ ಕತೆಗಳಲ್ಲಿ ಎರವರು, ಕುರುಬರು ಬರುವುದಿಲ್ಲ ಅಂತಲ್ಲ. ಸೌದೆ ಹೊರಲು ಬರುತ್ತಾರೆ, ಕುಡಿದು ಬೀಳಲು ಬರುತ್ತಾರೆ. ಅವರ ಬಾಯಿಗೆ ತೊದಲುಗನ್ನಡ ತುರುಕಿ ಓದುಗರನ್ನು ನಗಿಸುವ ಚಟ ಬೇರೆ. ಎರವತಿ ಮಗನನ್ನು ಬಯ್ಯುವುದು ತನ್ನ ಭಾಷೆಯಲ್ಲಿ. ಅಲ್ಲಿ ಅವಳು ತೊದಲುವುದಿಲ್ಲ.

ಬರೆಯುವುದು ಹೇಗೆ ಅಂತ ಕೇಳುವವರಿಗೆ ದೇವನೂರ ಮಹಾದೇವರ ‘ಒಡಲಾಳ’ ಉಂಟಲ್ಲ. ಕಳೆದುಹೋದ ಒಂದು ಹುಂಜಕ್ಕಾಗಿ ಸಾಕವ್ವ ಊರು ಅಲೆಯುತ್ತಾಳೆ, ಮನೆಯವರ ಮೇಲೆ ಹಾರಾಡುತ್ತಾಳೆ. ರಾತ್ರಿ ಕದ್ದು ತಂದ ಕಡಲೆಕಾಯಿಯ ಸುತ್ತ ಅದೇ ಮನೆಮಂದಿ ಒಂದಾಗಿ ಕೂತು ತಿನ್ನುತ್ತಾರೆ. ಜಗಳವೂ ಹಸಿವಿನದೇ, ಪ್ರೀತಿಯೂ ಹಸಿವಿನದೇ. ಮಹಾದೇವರು ಯಾರನ್ನೂ ಪಾಪ ಅನ್ನಿಸುವುದಿಲ್ಲ. ಬಡವರ ಮನೆಯ ಹೊಡೆದಾಟವನ್ನು ಮುಚ್ಚಿಟ್ಟು ಎಲ್ಲರನ್ನೂ ಸಂತರನ್ನಾಗಿಸುವ ನಮ್ಮ ಬಂಡಾಯದ ಗೆಳೆಯರಿಗೂ ಈ ಮಾತು ತಾಗಲಿ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಬಹಳ ಜನ ಲೈನ್ ಮನೆ ಬಿಟ್ಟು ಬಂದವರು. ಪತ್ರಿಕೆಗಳಲ್ಲಿ ಹೋರಾಟದ ಸುದ್ದಿ ಬಂತು, ಒಳ್ಳೆಯದೇ. ಆದರೆ ಲೈನ್ ಬಿಡೋಣ ಅಂತ ಮೊದಲು ಹೇಳಿದ್ದು ಗಂಡನೋ ಹೆಂಡತಿಯೋ? ಬರಲ್ಲ ಅಂತ ಹಟ ಹಿಡಿದ ಮುದುಕಿಯನ್ನು ಏನು ಮಾಡಿದರು? ನಾನು ಓದಿದ ಯಾವ ಕತೆಯಲ್ಲೂ ಆ ರಾತ್ರಿಯ ಮಾತುಕತೆ ಇಲ್ಲ.