ಗಂಟು ಬಿಚ್ಚುವ ವಿದ್ಯೆ

ಟೈ ಮೇಲಿನ ಕಲೆ ತೆಗೆಯುವ ಬಗೆಯನ್ನು ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಆರತಕ್ಷತೆಗಳ ಕಾಲ ಬೇರೆ. ಸೂಟು ತೊಟ್ಟ ಮದುಮಗ ಬಾಳೆಲೆಗೆ ಬಗ್ಗಿದರೆ ಸಾರಿನ ರುಚಿ ಮೊದಲು ನೋಡುವುದು ಅವನ ಟೈ. ಮಾತು ಕೊಟ್ಟಾಗಿದೆ, ಬೇಗ ಮುಗಿಸುತ್ತೇನೆ. ತುಪ್ಪವೋ ಎಣ್ಣೆಯೋ ಬಿದ್ದರೆ ಉಜ್ಜಬೇಡಿ, ನೀರು ಮುಟ್ಟಿಸಬೇಡಿ. ಒಣಬಟ್ಟೆ ಒತ್ತಿ ಹೀರಿಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೆತ್ತನೆಯ ಬ್ರಶ್ಶಿನಲ್ಲಿ ಕೊಡವಿ. ಸಾಂಬಾರು ಬಿದ್ದರೆ ಕಷ್ಟ. ಅದರಲ್ಲಿ ಅರಿಸಿನವಿದೆ, ಸೋಪು ಹಚ್ಚಿದಿರೋ, ಹಳದಿ ಕಲೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ರೈಕ್ಲೀನಿಂಗ್‌ಗೆ ಕೊಡಿ, ಕಲೆ ಯಾವುದರದ್ದೆಂದು ಹೇಳಿ, ಪ್ರೆಸ್ ಮಾಡಬೇಡಿ ಎಂದೂ ಹೇಳಿ.

ಇಷ್ಟು ಬರೆಯುವಷ್ಟರಲ್ಲಿ ಅಂಟುವಾಳ ಪಂಥದವರು ಎದ್ದು ನಿಲ್ಲುತ್ತಾರೆ, ಬಲ್ಲೆ. "ನಮ್ಮಜ್ಜಿ ಮೈಸೂರು ಸಿಲ್ಕ್ ಸೀರೆಯನ್ನೇ ಅಂಟುವಾಳದಲ್ಲಿ ಒಗೀತಿದ್ರು ಸ್ವಾಮಿ, ಗೇಣಗಲ ಇಲ್ಲದ ಟೈ ಯಾವ ಲೆಕ್ಕ?" ಇವರ ಮಾತು ಕೇಳಿಯೇ ನನ್ನ ಮದುವೆಯ ಟೈಯನ್ನು ಅಂಟುವಾಳದ ನೊರೆಯಲ್ಲಿ ಅದ್ದಿದ್ದೆ. ಒಣಗಿದಾಗ ಅದು ಕಲ್ಲು ಕಟ್ಟದೆ ಬಿಟ್ಟ ಪಡವಲಕಾಯಿಯಂತೆ ತಿರುಚಿಕೊಂಡಿತ್ತು.

ತಪ್ಪು ಅಂಟುವಾಳದ್ದಲ್ಲ, ನೀರಿನದು. ಸೀರೆ ಒಂದೇ ಪದರ. ಟೈ ಹಾಗಲ್ಲ: ರೇಷ್ಮೆಯನ್ನು 45 ಡಿಗ್ರಿ ಓರೆಗೆ, ದರ್ಜಿಗಳ ಮಾತಿನಲ್ಲಿ ಕ್ರಾಸ್ ಆಗಿ ಕತ್ತರಿಸಿ, ಮೂರು ತುಂಡು ಜೋಡಿಸಿ, ಒಳಗೆ ಉಣ್ಣೆಯ ಪಟ್ಟಿ ಇಟ್ಟು, ಬೆನ್ನಿನುದ್ದಕ್ಕೂ ಸಡಿಲವಾಗಿ ಹೊಲಿದದ್ದು. ನ್ಯೂಯಾರ್ಕಿನ ಜೆಸ್ಸಿ ಲಾಂಗ್ಸ್‌ಡಾರ್ಫ್ 1920ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಓರೆ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮರಳುತ್ತದೆ. ನೆನೆದರೆ ಮಾತ್ರ ರೇಷ್ಮೆ ಏರಿಗೆ, ಉಣ್ಣೆ ನೀರಿಗೆ. ಹಿಂಬದಿಯಲ್ಲಿ ಪುಟ್ಟ ದಾರದ ಕುಣಿಕೆಯೊಂದು ಜೋತಿರುತ್ತದಲ್ಲ, ಹೊಲಿಗೆ ಬಿಟ್ಟಿದೆಯೆಂದು ಅದಕ್ಕೆ ಕತ್ತರಿ ಹಾಕುವವರನ್ನು ಕಂಡಿದ್ದೇನೆ. ಅದು ಟೈ ಹಿಗ್ಗಲೆಂದೇ ಉಳಿಸಿದ ದಾರ, ಮುಟ್ಟಬೇಡಿ.

ಆದರೆ ಕಲೆಯಿಂದ ಸತ್ತ ಟೈಗಳು ಕಡಿಮೆ. ಹೆಚ್ಚಿನವು ಸಾಯುವುದು ಸಂಜೆ ಹೊತ್ತು, ಒಡೆಯನ ಕೈಯಲ್ಲೇ. ನಾವು ಟೈ ಕಂಡದ್ದು ಸ್ಕೂಲಿನಲ್ಲಿ, ಅದೂ ಎಲಾಸ್ಟಿಕ್‌ನದು. ಗಂಟು ಅಂಗಡಿಯಲ್ಲೇ ಬಿದ್ದಿರುತ್ತಿತ್ತು, ಬಿಚ್ಚುವ ಮಾತೇ ಇರಲಿಲ್ಲ. ಅದೇ ಚಾಳಿ ಆಫೀಸಿಗೂ ಬಂತು: ಕುಣಿಕೆ ಸಡಿಲಿಸು, ತಲೆಯ ಮೇಲಿಂದ ತೆಗೆ, ಗಂಟಿನ ಸಮೇತ ಮೊಳೆಗೆ ನೇತುಹಾಕು. ಕೆಲವು ವೀರರು ಸಣ್ಣ ತುದಿ ಹಿಡಿದು ಸರ್ರನೆ ಎಳೆಯುತ್ತಾರೆ. ಕಟ್ಟಿದ ಕ್ರಮವನ್ನೇ ಹಿಂದುಮುಂದಾಗಿ ನಡೆಸಿ ಬಿಚ್ಚಿ. ಮದುವೆಮನೆಯ ಚಾಪೆಯಂತೆ ಸುತ್ತಿ, ಬಿಗಿ ಮಾಡದೆ, ಒಂದು ರಾತ್ರಿ ಬಿಡಿ. ಸುಕ್ಕು ಉಳಿದರೆ ಬಿಸಿನೀರು ಬಿಟ್ಟ ಬಚ್ಚಲಿನ ಹಬೆಯಲ್ಲಿ ತೂಗುಹಾಕಿ. ಇಸ್ತ್ರಿಪೆಟ್ಟಿಗೆ ಬೇಡ, ಅಂಚಿನ ದುಂಡು ಚಪ್ಪಟೆಯಾದರೆ ಮತ್ತೆ ಎದ್ದೇಳದು.

ಇಲ್ಲಿ ಬೋ ಬ್ರಮ್ಮೆಲ್‌ನ ಕತೆ ಹೇಳದೆ ನನ್ನಿಂದಾಗದು, ಹಿಂದೆ ಓದಿದವರು ಕ್ಷಮಿಸಬೇಕು. ಇನ್ನೂರು ವರ್ಷದ ಹಿಂದೆ ಅವನು ಲಂಡನ್ನಿನ ಶೋಕಿಲಾಲರ ಗುರು. ಅವನ ಕೊರಳಿಗೆ ರೇಷ್ಮೆಯಲ್ಲ, ಗಂಜಿ ಹಾಕಿದ ಬಿಳಿ ಬಟ್ಟೆ. ಮೊದಲ ಸಲಕ್ಕೇ ಮಡಿಕೆ ಕೂಡದಿದ್ದರೆ ತಿದ್ದುತ್ತಿರಲಿಲ್ಲ. ಅದು ಒಗೆತಕ್ಕೆ, ಮತ್ತೊಂದು ಕೊರಳಿಗೆ. ಒಂದು ಬೆಳಿಗ್ಗೆ ಅವನ ಆಳು ಸುಕ್ಕುಗಟ್ಟಿದ ಬಟ್ಟೆಗಳ ರಾಶಿ ಹೊತ್ತು ಮಹಡಿ ಇಳಿಯುತ್ತಿದ್ದನಂತೆ. ಏನಿದೆಲ್ಲ ಎಂದು ಯಾರೋ ಕೇಳಿದ್ದಕ್ಕೆ, ಇವು ನಮ್ಮ ಸೋಲುಗಳು ಎಂದನಂತೆ. ಒಗೆದರೆ ಆ ಸೋಲು ಮರುದಿನಕ್ಕೆ ಹೊಸದಾಗುತ್ತಿತ್ತು. ರೇಷ್ಮೆ ಟೈ ಕಟ್ಟುವ ನಮಗೆ ಆ ಭಾಗ್ಯವಿಲ್ಲ, ಅದಕ್ಕೇ ಬಿಚ್ಚುವಾಗ ಇಷ್ಟು ನಾಜೂಕು. ಆದರೂ ನನಗೆ ಹಿಡಿಸಿದ್ದು ಆ ಆಳು 'ನಮ್ಮ' ಎಂದದ್ದು.

ನನ್ನ ಪಡವಲಕಾಯಿ ಇನ್ನೂ ಬೀರುವಿನಲ್ಲಿದೆ. ಬಾಗಿಲು ತೆಗೆದಾಗ ಕಂಡವರು ಅದೇನೆಂದು ಕೇಳಿದರೆ, ನನ್ನಾಕೆ ನನ್ನ ಕಡೆ ಬೆರಳು ಮಾಡುತ್ತಾಳೆ: "ಅದು ಇವರದ್ದು."